ನೀಲವ್ವನ ಆರು ತಿಂಗಳು

ಮೊನ್ನೆ ಬೆಳಿಗ್ಗೆ ಪತ್ರಿಕೆಯ ಕಚೇರಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಾಲ್ಕು ಸಾಲಿನ ಸುದ್ದಿಯೊಂದು ಬಂತು. ಭೂಪಟದಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಂಥ ದ್ವೀಪದೇಶವೊಂದಕ್ಕೆ ಯುರೋಪಿಯನ್ ಒಕ್ಕೂಟದ ಮಂತ್ರಿಗಳ ಸಭೆ ನಡೆಸುವ ಸರದಿ. ಆರು ತಿಂಗಳು ಅಧ್ಯಕ್ಷತೆ. ಪಕ್ಕದ ಮೇಜಿನ ರಶ್ಮಿ ನಕ್ಕಳು.

"ಇಷ್ಟು ಛೋಟಾ ದೇಶ, ಆರು ಮಹೀನೇಲಿ ಏನ್ ಮಾಡತ್ತೆ ಸರ್? ಪೇಜಿನ ಕಾರ್ನರ್‌ನಲ್ಲಿ ಹಾಕಿಬಿಡ್ಲಾ?"

ಒಂದು ಕಾಲಕ್ಕೆ ನಾನೂ ಹೀಗೇ ಯೋಚಿಸಿದವನು. ಯೋಚಿಸಿದ್ದು ಸಾಲದೆಂದು ಬರೆದೂ ಕೊಟ್ಟವನು. ಅದನ್ನು ನಿಮಗೆ ಹೇಳಲೇಬೇಕು.

ಮುಂಬಯಿಯ ನಮ್ಮ ಕನ್ನಡ ಸಂಘಗಳು ಕೆಲವು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅಧ್ಯಕ್ಷತೆ ಆರು ತಿಂಗಳಿಗೊಂದು ಸಂಘಕ್ಕೆ. ಪತ್ರಿಕೆಯವನೆಂಬ ಒಂದೇ ಅರ್ಹತೆಯ ಮೇಲೆ ನಡಾವಳಿ ಬರೆಯುವ ಕೆಲಸ ನನಗೆ ಅಂಟಿತ್ತು. ಮಾಟುಂಗದ ಸಂಘಕ್ಕೆ ಸ್ವಂತ ಸಭಾಂಗಣವಿತ್ತು. ಮಲಾಡ್‌ನ ಸಂಘಕ್ಕೆ ಕುರ್ಚಿಗಳೂ ಇರಲಿಲ್ಲ. ಅದು ವಿಜಯಪುರದ ಕಡೆಯಿಂದ ಬಂದ ಗಾರೆ ಕೆಲಸದವರದು. ಅದರ ಮುಖ್ಯಸ್ಥೆ ನೀಲವ್ವ. ಸೈಟುಗಳಲ್ಲಿ ಬೆಳೆಯುವ ಮಕ್ಕಳಿಗೆ ಒಂದು ಕನ್ನಡ ತರಗತಿ ಬೇಕೆಂದು ಅವರು ವರ್ಷಗಳಿಂದ ಕೇಳುತ್ತಿದ್ದರು. ಆ ವಿಷಯ ಯಾವಾಗಲೂ ಕಾರ್ಯಸೂಚಿಯ ಕೊನೆಯಲ್ಲಿರುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಗೋಳಿಬಜೆಯ ವಾಸನೆ ಹೊರಡುತ್ತಿತ್ತು. ಗೋಳಿಬಜೆಯೆದುರು ಯಾವ ನಿರ್ಣಯವೂ ನಿಂತದ್ದನ್ನು ನಾನು ಕಂಡಿಲ್ಲ. ನನ್ನ ಪೆನ್ನೂ 'ಮುಂದಿನ ಸಭೆಗೆ' ಎಂದು ಬರೆದು ಮುಚ್ಚಿಕೊಳ್ಳುತ್ತಿತ್ತು.

ಮಲಾಡ್‌ನ ಸರದಿ ಬಂದಾಗ ಮಾಟುಂಗದ ಕಾರ್ಯದರ್ಶಿ, ಹೋಟೆಲಿನ ಶೆಟ್ರು, "ಈ ಸಲ ನಮಗೆ ಬಿಡಿ ಮಾರಾಯ್ರೆ. ನಿಮಗೆ ಸುಮ್ಮನೆ ತೊಂದರೆ ಅಲ್ವಾ?" ಎಂದರು. ಸರದಿ ಬಿಟ್ಟುಕೊಡುವ ಪತ್ರವನ್ನು ಸಭ್ಯ ಭಾಷೆಯಲ್ಲಿ ಸಿದ್ಧಪಡಿಸಿದವನು ನಾನು. ಸಹಿಯೊಂದೇ ಬಾಕಿ.

ನೀಲವ್ವ ಅದನ್ನು ಮಡಚಿ ನನ್ನ ಕೈಗೇ ಇಟ್ಟರು. "ಚಾಳಿನಾಗ ನಳದ ಪಾಳಿ ಬಂದಾಗ, ನನ್ ಕೊಡ ಸಣ್ಣದೈತಿ ಅಂತ ಯಾರರ ಹಿಂದ ಸರೀತಾರೇನ್ರಿ ಸರ?"

ಆಮೇಲೆ ಅವರು ಲೋಕಲ್ ರೈಲು ಹತ್ತಿದರು. ಸಾಂತಾಕ್ರೂಜ್‌ನಿಂದ ಶುರುಮಾಡಿ ಒಂದೊಂದೇ ಸಂಘಕ್ಕೆ ಹೋಗಿ, ಯಾರಿಗೆ ಏನು ಬೇಕು, ಯಾರು ಏನು ಬಿಟ್ಟುಕೊಡಬಲ್ಲರು ಎಂದು ಕೇಳಿಕೊಂಡು ಬಂದರು. ಸಭೆ ಕರೆದದ್ದು ಮಲಾಡ್‌ನಲ್ಲಿ, ಮುಗಿಯುತ್ತ ಬಂದಿದ್ದ ಬಿಲ್ಡಿಂಗೊಂದರ ನೆಲಮಹಡಿಯಲ್ಲಿ. ಮೊದಲ ವಿಷಯ ತರಗತಿ. ಉಪಾಹಾರ ಅದರ ನಂತರ.

"ಮೊದಲು ವಾರ್ಷಿಕೋತ್ಸವ ತೆಗೊಳ್ಳಿ," ಎಂದು ಶೆಟ್ರು ಎದ್ದರು.

"ಅದು ಐದನೇದೈತ್ರಿ ಶೆಟ್ರ. ಕುಂದರ್ರಿ. ಭಜಿ ಬಿಸೀನ ಇರ್ತಾವ."

ಸಭೆ ನಕ್ಕಿತು; ಶೆಟ್ರೂ ನಕ್ಕು ಕೂತರು. ಅಧ್ಯಕ್ಷರಿಗೆ ಹೆಚ್ಚುವರಿ ಮತವೇನೂ ಇರಲಿಲ್ಲ, ಬೇಕಾಗಲೂ ಇಲ್ಲ. ಮಾಟುಂಗದವರು ಇಬ್ಬರು ಶಿಕ್ಷಕರನ್ನು ಕಳಿಸುವುದು, ವಾರ್ಷಿಕೋತ್ಸವ ಅವರ ಸಭಾಂಗಣದಲ್ಲೇ ನಡೆಯುವುದು ಎಂದಾಯಿತು. ಮುಂದಿನ ಶನಿವಾರವೇ ತರಗತಿ ಆರಂಭ.

ಆರು ತಿಂಗಳು ಕಳೆದು ಹೊಸ ಅಧ್ಯಕ್ಷರು ಬಂದರು, ಆ ವಿಷಯವನ್ನು ಮತ್ತೆ ಪಟ್ಟಿಯ ಕೊನೆಗೆ ತಳ್ಳಿದರು. ತಳ್ಳಲಿ. ಮಕ್ಕಳು ಆಗಲೇ ಓದುತ್ತಿದ್ದರು.

ಯುರೋಪಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಸಣ್ಣ ದೇಶದ ಮಂತ್ರಿ ಅಧ್ಯಕ್ಷಪೀಠದಲ್ಲಿ ಕೂತಾಗ ದೊಡ್ಡ ದೇಶಗಳು ಚಿಕ್ಕವಾಗುವುದಿಲ್ಲ. ಆದರೆ ಯಾವುದು ಮೊದಲು ಚರ್ಚೆಗೆ ಬರಬೇಕೆಂದು ನಿರ್ಧರಿಸುವವರು, ಎರಡು ಹಠಗಳ ನಡುವೆ ರಾಜಿ ಎಲ್ಲಿ ಎಂದು ಹುಡುಕುವವರು ಅವರೇ. ಇದು ಸಣ್ಣ ಅಧಿಕಾರವೆನ್ನುವವರು ಪಟ್ಟಿಯ ಕೊನೆಯಲ್ಲಿ ಎಂದೂ ಕಾದವರಲ್ಲ.

"ಮೂಲೆಗೆ ಬೇಡ," ಎಂದೆ ರಶ್ಮಿಗೆ. "ಅವರು ಮೊದಲ ಸಭೆಗೆ ಮೊದಲ ವಿಷಯ ಏನಿಟ್ಟಿದ್ದಾರೆ, ಹುಡುಕು. ಸುದ್ದಿ ಅಲ್ಲಿದೆ."