ಮೂರು ತಂಡಗಳ ಫಿಟ್ಟರ್

ಸೋಪಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಣ್ಣನನ್ನು ಎಲ್ಲರೂ ಗುಮ್ಮನಗುಸಕ ಅನ್ನುತ್ತಾರೆ. ಶುದ್ಧ ಸುಳ್ಳು. ಅತ್ತಿಗೆ ಎಷ್ಟು ಗದರಿದರೂ ಅವನ ಹರಟೆ ನಿಲ್ಲುತ್ತಿರಲಿಲ್ಲ. ಅವನ ಬಾಯಿಗೆ ಬೀಗ ಹಾಕಿದ್ದು ಕಾರ್ಖಾನೆ. ಅಲ್ಲೇ ಪ್ಯಾಕಿಂಗ್‌ನಲ್ಲಿರುವ ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಅವನು ಕತ್ತರಿಸುವ ತಂಡದವನು. ಖರ್ಚು ಉಳಿಸಲು ಮ್ಯಾನೇಜರ್ ಅವನನ್ನು ಮಿಶ್ರಣ, ಕತ್ತರಿಕೆ, ಪ್ಯಾಕಿಂಗ್ ಮೂರೂ ತಂಡಗಳಿಗೆ ಹಂಚಿದರು. ನಮ್ಮಲ್ಲಿ ಬೆಳಗ್ಗೆ ಕೆಲಸಕ್ಕೆ ಮುಂಚೆ ಪ್ರತಿ ತಂಡವೂ ತನ್ನ ಯಂತ್ರದ ಸುತ್ತ ನಿಂತು ಹಿಂದಿನ ದಿನದ ತಪ್ಪುಗಳನ್ನು ಮಾತಾಡಿಕೊಳ್ಳುತ್ತದೆ. ಆ ಮಾತು ಹೊರಗೆ ಹೋಗಬಾರದು. ಅಣ್ಣ ಮಾತ್ರ ಸ್ವಲ್ಪ ಸ್ವಲ್ಪ ಹೊತ್ತು ಮೂರೂ ಕಡೆ ನಿಲ್ಲಬೇಕಿತ್ತು.

ಒಂದು ದಿನ ಸೋಪಿನ ಬಿಲ್ಲೆಗಳು ಪುಡಿಪುಡಿಯಾಗುತ್ತಿದ್ದವು. ಕತ್ತರಿಕೆಯವರು ಬ್ಲೇಡನ್ನು ಬಯ್ಯುತ್ತಿದ್ದಾಗ ಅಣ್ಣ, "ಬ್ಲೇಡ್ ಸರಿಯಾಗೇ ಇದೆ. ಅಲ್ಲಿ ಮಿಕ್ಸರ್ ಬೇಗ ನಿಲ್ಲಿಸ್ತಿದ್ದಾರೆ" ಎಂದುಬಿಟ್ಟ. ನಿಜವೇ. ಆದರೆ ಮಧ್ಯಾಹ್ನದೊಳಗೆ ಮಿಶ್ರಣದವರ ಕಣ್ಣಿಗೆ ಅವನು ಚಾಡಿಕೋರನಾದ. ಅಂದಿನಿಂದ ಅವನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಅವನೂ ಸುಮ್ಮನಾದ. ಸುಮ್ಮನಾದರೆ ಬಿಡುತ್ತಾರೆಯೇ? "ತುಟಿಪಿಟಕ್ ಅನ್ನಲ್ಲ, ಕಿವಿ ಮಾತ್ರ ಇಲ್ಲೇ ಇಟ್ಟಿರ್ತಾನೆ" ಎಂದರು ನಮ್ಮ ತಂಡದ ಹಿರಿಯಕ್ಕ. ನನಗೆ ಮೈಯೆಲ್ಲ ಉರಿದು ಜಗಳವಾಡಿದೆ. ಅಣ್ಣನೋ, ಯಾರಾದರೂ ನಕ್ಕರೆ ತಿರುಗಿ ನೋಡತೊಡಗಿದ. ಯಾರಾದರೂ ಟೀ ಕೊಟ್ಟರೆ, ಇವತ್ತೇನು ಇಷ್ಟು ಪ್ರೀತಿ ಎಂದು ಅನುಮಾನಿಸಿದ.

ಕೊನೆಗೆ ಮ್ಯಾನೇಜರ್ ಹೊಸ ಮಾತು ತೆಗೆದರು. ಮೂರು ತಂಡಕ್ಕೆ ಹಂಚಿದ ಫಿಟ್ಟರ್ ಇನ್ನು ಬೇಡ. ಯಾವುದಾದರೂ ಒಂದು ತಂಡ ಅವನನ್ನು ಕರೆದು, ಅವನೂ ಒಪ್ಪಿದರೆ ಇರಲಿ, ಇಲ್ಲವಾದರೆ ಕೆಲಸವಿಲ್ಲ. ನಾನು ಹಿರಿಯಕ್ಕನ ಕೈಕಾಲು ಹಿಡಿದು ಒಪ್ಪಿಸಿದೆ. ಸಂಜೆ ಅಣ್ಣನ ಮನೆಗೆ ಓಡಿದೆ.

"ನಾಳೆ ಹಿರಿಯಕ್ಕ ನಿನ್ನನ್ನ ನಮ್ ತಂಡಕ್ಕೆ ಕರೀತಾರೆ. ಬರ್ತೀನಿ ಅಂತ ಒಂದ್ ಮಾತು ಹೇಳು, ಸಾಕು ಕಣೋ."

"ಓಹೋ, ಅಷ್ಟೇನಾ" ಎಂದ, ನನ್ನ ಮುಖವನ್ನೇ ನೋಡುತ್ತಾ.

ಮರುದಿನ ಎಲ್ಲರೂ ಅಂಗಳದಲ್ಲಿ ಸೇರಿದಾಗ ಹಿರಿಯಕ್ಕ ಕೊಟ್ಟ ಮಾತಿನಂತೆ ಮುಂದೆ ಬಂದು, "ನಮ್ಮ ತಂಡಕ್ಕೆ ಬರ್ತೀಯೇನಪ್ಪಾ?" ಎಂದು ಕೇಳಿದರು. ಅಣ್ಣ ನೆಲ ನೋಡಿದ. ಮ್ಯಾನೇಜರ್ ಇನ್ನೊಮ್ಮೆ ಕೇಳಿದರು. ಅವನು ಹ್ಞೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಲ್ಲಿಗೆ ಕೆಲಸ ಹೋಯಿತು.

ಗೇಟಿನ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿ, ಅಳುತ್ತಲೇ ಬಾಯಿಗೆ ಬಂದಂತೆ ಬಯ್ದೆ. ಅವನು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದ:

"ಈಗಾದ್ರೂ ನಿಜ ಹೇಳು. ನಿನ್ನೆ ನಿನ್ನನ್ನ ನಮ್ಮನೆಗೆ ಕಳಿಸಿದ್ದು ಯಾರು?"