ಬ್ರೇಕ್ ಮೇಷ್ಟ್ರ ಕಾರು ಊರು ದಾಟಿದ್ದು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಬ್ರೇಕ್ ಮೇಷ್ಟ್ರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ತಮ್ಮ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಶಿಷ್ಯರ ಪಕ್ಕದ ಸೀಟಿನಲ್ಲಿ ಕೂತು, ಎದುರಿಗೆ ಒಣಗಿದ ಎಲೆ ಹಾರಿ ಬಂದರೂ ಕಾಲಡಿಯ ಎರಡನೇ ಬ್ರೇಕನ್ನು ಧಡ್ ಎಂದು ತುಳಿಯುತ್ತಿದ್ದರಿಂದ ಆ ಹೆಸರು ಅಳಿಸಿಹೋಗಿ ಈ ಹೆಸರು ನಿಂತಿತು. ಅದಕ್ಕೆ ಅವರಿಗೆ ಬೇಸರವೇನಿರಲಿಲ್ಲ. ತಮ್ಮ ಬಲಗಾಲೊಂದು ಇಲ್ಲದಿದ್ದರೆ ಈ ಊರು ಎಂದೋ ಖಾಲಿಯಾಗುತ್ತಿತ್ತು ಎಂದು ಅವರು ಮನಸಾರೆ ನಂಬಿದ್ದರು.

ವಯಸ್ಸಾಯಿತೆಂದು ಶಾಲೆ ಮುಚ್ಚಿ, ಬೋರ್ಡು ಬಿಚ್ಚಿ ಅಟ್ಟಕ್ಕೆ ಹಾಕಿದ ದಿನ, ಊಟಕ್ಕೆ ಕೂತಾಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಈ ಸಲ ನಿಮ್ಮಕ್ಕನ ಮನೆಗೆ ಬಸ್ಸಲ್ಲಿ ಹೋಗೋದು ಬೇಡ. ಕಾರಲ್ಲೇ ಹೋಗೋಣ."

ಹೆಂಡತಿಯ ಅಕ್ಕನ ಮನೆ ಇದ್ದದ್ದು ದೂರದ ಸಮುದ್ರದ ದಡದಲ್ಲಿ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದ ಹೆಂಡತಿ, ವರ್ಷಕ್ಕೊಮ್ಮೆ ರಜೆ ಹಾಕಿ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

"ಯಾವ ಕಾರಲ್ಲಿ?" ಎಂದಳು.

"ನಮ್ಮ ಕಾರಲ್ಲಿ ಕಣೇ! ಎರಡು ಲಕ್ಷ ಕಿಲೋಮೀಟರ್ ಓಡಿರೋ ಅನುಭವಸ್ಥ ಕಾರು ಅದು."

ಪಕ್ಕದಲ್ಲಿ ಉಣ್ಣುತ್ತಿದ್ದ ಅವಳ ತಮ್ಮ ತಲೆಯೆತ್ತಿದ. ಅವನ ಹತ್ತಿರ ಕಾರಿರಲಿಲ್ಲ. ಅದರಿಂದಾಗಿ ಕಾರುಗಳ ಬಗ್ಗೆ ಓದಲು, ನೋಡಲು, ಸಲಹೆ ಕೊಡಲು ಬೇಕಾದಷ್ಟು ಪುರುಸೊತ್ತಿತ್ತು.

"ಓಡಿರೋದೇನೋ ನಿಜ ಬಾವ. ಹೋಗಿರೋದು ಎಲ್ಲಿಗೆ?"

ಮೇಷ್ಟ್ರು ನೀರು ಕುಡಿದರು. ಆ ಕಾರು ಗಾಣದೆತ್ತಿನ ಹಾಗೆ ಆಟದ ಮೈದಾನದಿಂದ ಬಸ್ ನಿಲ್ದಾಣಕ್ಕೆ, ಬಸ್ ನಿಲ್ದಾಣದಿಂದ ಮೈದಾನಕ್ಕೆ ತಿರುಗಿದ್ದು ಬಿಟ್ಟರೆ ಊರಾಚೆಯ ಸೇತುವೆಯನ್ನೂ ಕಂಡಿರಲಿಲ್ಲ.

ಮಾರನೇ ಬೆಳಿಗ್ಗೆಯೇ ಕಾರು ಗ್ಯಾರೇಜು ಸೇರಿತು. ಗ್ಯಾರೇಜಿನವನಿಗೆ ಒಂದು ಅಭ್ಯಾಸ: ಯಾವ ಗಾಡಿ ಬಂದರೂ ಬಾನೆಟ್ ಎತ್ತಿ, ಸಾವಿನ ಮನೆಗೆ ಬಂದವನಂತೆ ತಲೆಯಾಡಿಸುವುದು.

"ಛೆ ಛೆ! ಯಾರು ಮೇಷ್ಟ್ರೇ ಇದನ್ನ ಹಿಂಗೆ ಕೈಯಾಡಿಸಿ ಹಾಳುಮಾಡಿದ್ದು?"

"ನೀನೇ ಕಣಯ್ಯಾ. ಇಷ್ಟು ವರ್ಷವೂ ನೀನೇ."

"ಹೌದಾ?" ಅವನು ಮತ್ತೊಮ್ಮೆ ಬಗ್ಗಿ ನೋಡಿದ. "ಹಂಗಾದ್ರೆ ಕೆಲಸ ಗಟ್ಟಿಯಾಗಿದೆ ಬಿಡಿ."

ಗಟ್ಟಿಯಾಗಿದ್ದ ಆ ಕೆಲಸವನ್ನೆಲ್ಲ ಒಂದೊಂದಾಗಿ ಬಿಚ್ಚಿ ನೆಲಕ್ಕೆ ಹಾಕಲಾಯಿತು. ಕ್ಲಚ್ ಪ್ಲೇಟ್ ತೇದು ಕಾಗದವಾಗಿತ್ತು. ಬ್ರೇಕಿನ ಸ್ಥಿತಿಯನ್ನು ಮೇಷ್ಟ್ರ ಎದುರಿಗೆ ಹೇಳಲು ಅವನಿಗೇ ಸಂಕೋಚವಾಯಿತು. ರೇಡಿಯೇಟರಿನ ರಬ್ಬರ್ ಪೈಪು ಮುಟ್ಟಿದರೆ ಪುಡಿಯಾಗುತ್ತಿತ್ತು. ಗೇರ್ ಪೆಟ್ಟಿಗೆ ಬಿಚ್ಚಿದಾಗ ಮಾತ್ರ ಅವನು ಬೆರಗಾಗಿ ಕೂಗಿದ.

"ಮೇಷ್ಟ್ರೇ, ಮೊದಲನೇದು, ಎರಡನೇದು ಹಲ್ಲುದುರಿದ ಮುದುಕರ ಹಾಗಿವೆ. ನಾಲ್ಕು, ಐದು ಈಗಷ್ಟೇ ಅಂಗಡಿಯಿಂದ ತಂದ ಹಾಗಿವೆಯಲ್ಲ! ಇವನ್ನ ಹಾಕೇ ಇಲ್ವಾ?"

"ಅದು ಮುಂದಿನ ಪಾಠ," ಎಂದರು ಮೇಷ್ಟ್ರು ಗಂಭೀರವಾಗಿ. "ಅಷ್ಟರೊಳಗೆ ಎಲ್ಲರಿಗೂ ಲೈಸೆನ್ಸ್ ಬಂದುಬಿಡುತ್ತೆ."

ಭಾವಮೈದುನ ದಿನಾ ಸಂಜೆ ಗ್ಯಾರೇಜಿಗೆ ಬಂದು, ಫೋನಿನಲ್ಲಿ ಯಾರೋ ಮರುಭೂಮಿ ದಾಟುತ್ತಿದ್ದ ವಿಡಿಯೊ ತೋರಿಸಿ ಹೋಗುತ್ತಿದ್ದ. ಅವರು ಒಯ್ದಿದ್ದೆಲ್ಲ ನಮ್ಮ ಹತ್ತಿರವೂ ಇರಬೇಕೆಂದು ಹಟ ಹಿಡಿದ. ಎಳೆಯುವ ಹಗ್ಗ ಬಂತು, ಬೆಂಕಿ ಆರಿಸುವ ಸಿಲಿಂಡರ್ ಬಂತು, ಮರಳಿನಲ್ಲಿ ಹೂತ ಚಕ್ರ ಎತ್ತಲು ಎರಡು ಹಲಗೆ ಬಂದವು. ಸ್ಟೆಪ್ನಿ ಪಂಕ್ಚರಾದರೆ ಏನು ಗತಿ ಎಂದು ಅದಕ್ಕೊಂದು ಸ್ಟೆಪ್ನಿಯೂ ಬಂತು.

"ಬಟ್ಟೆ ಎಲ್ಲಿಡೋದು?" ಎಂದು ಹೆಂಡತಿ ಡಿಕ್ಕಿಯ ಮುಂದೆ ಪೆಟ್ಟಿಗೆ ಹಿಡಿದು ನಿಂತಳು.

"ತೊಡೆ ಮೇಲಿಟ್ಕೊಂಡು ಕೂತ್ಕೋ. ಬಟ್ಟೆ ಕೆಟ್ಟು ದಾರಿಯಲ್ಲಿ ನಿಲ್ಲಲ್ಲ, ಕಾರು ನಿಲ್ಲುತ್ತೆ," ಎಂದರು ಮೇಷ್ಟ್ರು.

ಕೊನೆಗೆ ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ, ಶಾಲೆ ಮುಚ್ಚಿದ ಮೇಲೆ ಪಕ್ಕದ ಸೀಟಿನ ಬ್ರೇಕು, ಕ್ಲಚ್ಚು ಯಾಕೆ, ತೆಗೆದುಬಿಡೋಣ ಎಂದ. ಮೇಷ್ಟ್ರ ಮುಖ ಸಣ್ಣದಾಯಿತು. ಆಗಲಿ ಎಂದು ಗೋಣು ಹಾಕಿ, ಬಿಚ್ಚುವಾಗ ನೋಡಲಾರದೆ ಹೊರಗೆ ಹೋಗಿ ನಿಂತರು.

ಹೊಸ ಟೈರು, ಹೊಸ ಬೆಲ್ಟು, ಹೊಸ ಬ್ಯಾಟರಿ, ಫಳಫಳ ಹೊಳೆಯುವ ದೀಪ. ಕಾರಿನ ಉಗುರಿನಿಂದ ಹಿಡಿದು ನೆತ್ತಿಯವರೆಗೆ ಪರೀಕ್ಷೆಯಾಯಿತು. ಪರೀಕ್ಷೆ ಇಲ್ಲದೆ ಪಾಸಾದವರು ಡ್ರೈವರ್ ಒಬ್ಬರೇ.

ಹೊರಡುವ ದಿನ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಬಾಗಿಲು ತೆಗೆದು, ಕೂತು, ಬೆಲ್ಟು ಬಿಗಿದುಕೊಂಡು, "ಹ್ಞೂಂ, ನಡಿ" ಎಂದರು. ಭಾವಮೈದುನ ಹಿಂದಿನ ಸೀಟಿನಲ್ಲಿ ಹಲಗೆಗಳ ನಡುವೆ ಇದ್ದ. ಹೆಂಡತಿ ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಕಾರು ನಡೆಯಲಿಲ್ಲ.

"ರೀ," ಎಂದಳು ಹೆಂಡತಿ ಮೆಲ್ಲಗೆ. "ಸ್ಟೀರಿಂಗ್ ಆ ಕಡೆ ಇದೆ."

ಊರಿನ ಸೇತುವೆ ದಾಟುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಹೆದ್ದಾರಿ ಸಿಕ್ಕಿದ್ದೇ ಮೇಷ್ಟ್ರ ಬೆನ್ನು ಸೆಟೆದುಕೊಂಡಿತು. ಅಕ್ಕಪಕ್ಕದಲ್ಲಿ ಲಾರಿಗಳು ಗಾಳಿ ಸೀಳಿಕೊಂಡು ಹೋಗುತ್ತಿದ್ದವು. ಕಾರು ಎರಡನೇ ಗೇರಿನಲ್ಲಿ ಬೊಬ್ಬೆ ಹೊಡೆಯುತ್ತಿತ್ತು.

"ಬಾವ, ಮೂರನೇದಾದ್ರೂ ಹಾಕಿ."

"ಅವಸರ ಏನು? ಇಂಜಿನ್ ಸ್ವಲ್ಪ ಬಿಸಿ ಆಗ್ಲಿ."

ಇಂಜಿನ್ ಬಿಸಿ ಆಯಿತು. ಸ್ವಲ್ಪ ಅಲ್ಲ, ಮುಳ್ಳು ಕೆಂಪು ಗೆರೆ ಮುಟ್ಟುವಷ್ಟು. ಹಿಂದಿನಿಂದ ಬಂದ ಬಸ್ಸೊಂದು ಪಕ್ಕಕ್ಕೆ ಬಂದು ನಿಧಾನವಾಯಿತು. ಕಿಟಕಿಯಿಂದ ತಲೆ ಹೊರಹಾಕಿದವನು ಮೇಷ್ಟ್ರ ಹಳೆಯ ಶಿಷ್ಯ.

"ನಮಸ್ಕಾರ ಮೇಷ್ಟ್ರೇ! ಗಾಡಿ ಕೆಟ್ಟಿದೆಯಾ? ತಳ್ಳೋಕೆ ಜನ ಕೊಡ್ಲಾ?"

ಬಸ್ಸಿನ ತುಂಬ ಜನ ನಕ್ಕರು. ಮೇಷ್ಟ್ರು ಮುಂದೆ ಕಂಡ ಚಹಾ ಅಂಗಡಿಯ ಹತ್ತಿರ ಕಾರು ನಿಲ್ಲಿಸಿ ಇಳಿದರು. ಅಂಗಿ ಬೆನ್ನಿಗೆ ಅಂಟಿತ್ತು. ಬಾನೆಟ್ ಎತ್ತಿ, "ನೀರಿನ ಪಂಪು ಇರಬೇಕು," ಎಂದರು. ಭಾವಮೈದುನ ಪಂಪು ನೋಡಿದ. ಪಂಪು ಸರಿಯಿತ್ತು. "ಹಂಗಾದ್ರೆ ಫ್ಯಾನು." ಫ್ಯಾನು ತಿರುಗುತ್ತಿತ್ತು. ಮೇಷ್ಟ್ರು ಸುತ್ತ ನೋಡಿದರು. ದೂರುವುದಕ್ಕೆ ಕಾರಿನಲ್ಲಿ ಹಳೆಯ ಭಾಗವೊಂದೂ ಉಳಿದಿರಲಿಲ್ಲ.

ಹೆಂಡತಿ ಚಹಾ ಕುಡಿದು ಮುಗಿಸಿ, ಇಂಜಿನ್ ಬಿಸಿ ಇಳಿಯುವವರೆಗೂ ಕಾದಳು. ಆಮೇಲೆ ಪೆಟ್ಟಿಗೆಯನ್ನು ಗಂಡನ ಕೈಗೆ ಕೊಟ್ಟು ತನ್ನ ಕೈ ಚಾಚಿದಳು.

"ಕೀ ಕೊಡಿ."

"ಯಾಕೆ?"

"ಅಕ್ಕನ ಮನೆಗೆ ಹೋಗೋಣ ಅಂತ."

"ನಿನಗೆ ಕಾರು ಬರುತ್ತಾ?"

ಭಾವಮೈದುನನಿಗೆ ಚಹಾ ನೆತ್ತಿಗೇರಿತು. "ಬಾವ, ಲಾಂಡ್ರಿ ವ್ಯಾನು ಇಷ್ಟು ದಿನ ಯಾರು ಓಡಿಸ್ತಿದ್ರು ಅಂದ್ಕೊಂಡಿದ್ರಿ?"

ವ್ಯಾನಿನ ಡ್ರೈವರ್ ಕೆಲಸ ಬಿಟ್ಟು ಹೋದಾಗಿನಿಂದ ಹೋಟೆಲಿನಿಂದ ಹೋಟೆಲಿಗೆ ಬಟ್ಟೆಗಂಟು ಸಾಗಿಸುತ್ತಿದ್ದವಳು ಅವಳೇ. ಊರಿಗೆಲ್ಲ ಗೊತ್ತಿತ್ತು. ಎದುರಿನಿಂದ ವ್ಯಾನು ಬಂದಾಗಲೆಲ್ಲ ಮೇಷ್ಟ್ರ ಕಣ್ಣು ಪಕ್ಕದ ಶಿಷ್ಯನ ಕಾಲಿನ ಮೇಲೆ ನೆಟ್ಟಿರುತ್ತಿತ್ತು, ಅಷ್ಟೆ.

"ನನಗೆ ಯಾಕೆ ಹೇಳಲಿಲ್ಲ?"

"ಕಲಿಸಿ ಅಂತ ಕೇಳಿದ್ನಲ್ಲ ರೀ. ಹೆಂಡತಿಗೆ ಕಾರು ಕಲಿಸಿದ್ರೆ ಸಂಸಾರ ಕೆಡುತ್ತೆ ಅಂದ್ರಿ. ಸಂಸಾರ ಯಾಕೆ ಕೆಡಬೇಕು ಅಂತ ಹಿಂದಿನ ಬೀದಿ ಶಾಲೆಗೆ ಹೋದೆ."

ಹಿಂದಿನ ಬೀದಿಯ ಶಾಲೆ! ಮೇಷ್ಟ್ರ ಜನ್ಮವೈರಿಯ ಶಾಲೆ. ಅವರು ಕೀ ಕೊಟ್ಟು, ಪಕ್ಕದ ಸೀಟಿನಲ್ಲಿ ಪೆಟ್ಟಿಗೆ ತಬ್ಬಿಕೊಂಡು ಕೂತರು.

ಅವಳು ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ತಿರುಗಿಸಿ, ಹೊರಟೇಬಿಟ್ಟಳು. ಮೇಷ್ಟ್ರು ಎದುರಿಗೆ ಲಾರಿ ಕಂಡಾಗಲೆಲ್ಲ ಬರಿಯ ನೆಲವನ್ನು ಒತ್ತಿ ಒತ್ತಿ ತುಳಿದರು. ಲಾರಿಗಳು ತಮ್ಮ ಪಾಡಿಗೆ ಹೋದವು. ಇದ್ದಕ್ಕಿದ್ದಂತೆ ಅವರು ಬೆಚ್ಚಿಬಿದ್ದರು.

"ಏಯ್, ಇಂಜಿನ್ ಆಫ್ ಆಯ್ತು! ಪಕ್ಕಕ್ಕೆ ತಗೋ!"

"ಆಫ್ ಆಗಿಲ್ಲ ರೀ. ಐದನೇ ಗೇರು."

ತಮ್ಮ ಕಾರು ಇಷ್ಟು ಮೆಲ್ಲಗೆ ಉಸಿರಾಡಬಲ್ಲದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಎಷ್ಟೋ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ, ಕಣ್ಣಿಡಲು ಶಿಷ್ಯನ ಕಾಲುಗಳಿಲ್ಲದೆ, ಕಿಟಕಿಯಾಚೆ ನೋಡಿದರು. ಬಯಲು ಸರಿಯುತ್ತಿತ್ತು, ಬೇಲಿಯ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು, ಗುಡ್ಡವೊಂದು ತುಂಬ ದೂರ ಜೊತೆಗೇ ಬಂದು ಹಿಂದುಳಿಯಿತು. ಜೀವಮಾನವೆಲ್ಲ ಕಾರಿನಲ್ಲೇ ಕಳೆದ ಮನುಷ್ಯ ಕಾರಿನ ಕಿಟಕಿಯಿಂದ ಹೊರಗೆ ನೋಡಿದ್ದು ಅದೇ ಮೊದಲು. ಕಾಲು ಯಾವಾಗ ಸಡಿಲವಾಯಿತೋ ಅವರಿಗೇ ತಿಳಿಯಲಿಲ್ಲ. ಹಿಂದೆ ಭಾವಮೈದುನ ಹಲಗೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಬಿಸಿಲು ಇಳಿಯುವ ಮೊದಲೇ ಸಮುದ್ರ ಕಾಣಿಸಿತು.

"ಅಯ್ಯೋ, ಕಾರಲ್ಲೇ ಬಂದ್ರಾ!" ಎಂದು ಅಕ್ಕ ಓಡಿಬಂದು ತಂಗಿಯನ್ನು ತಬ್ಬಿಕೊಂಡಳು. "ಯಾರು ಓಡಿಸಿದ್ದು?"

"ಇವಳೇ," ಎಂದರು ಮೇಷ್ಟ್ರು. "ನಾನು ಪಕ್ಕದಲ್ಲೇ ಇದ್ದೆ," ಎಂದೂ ಸೇರಿಸಿದರು.

ಮಾರನೇ ದಿನ ಮರಳಿನಲ್ಲಿ ನಡೆಯುವಾಗ ಆ "ಪಕ್ಕದಲ್ಲೇ ಇದ್ದೆ" ಎಂಬುದು ಬೆಳೆದು ದೊಡ್ಡದಾಗಿತ್ತು. ಹೆಂಗಸರಿಗೆ ಕಾರು ಕಲಿಸುವುದಕ್ಕೆ ಎಷ್ಟು ತಾಳ್ಮೆ ಬೇಕು, ಐದನೇ ಗೇರಿನ ಮರ್ಮವೇನು ಎಂದು ಮೇಷ್ಟ್ರು ಕೈ ಬೀಸಿ ಅಕ್ಕನ ಗಂಡನಾದ ಷಡ್ಡಕರಿಗೆ ವಿವರಿಸುತ್ತಿದ್ದರು.

"ನಿಮ್ಮ ಮನೆಯವರಿಗೆ ಕಲಿಸೋಕೆ ಎಷ್ಟು ದಿನ ಹಿಡೀತು?" ಎಂದರು ಷಡ್ಡಕರು ಗೌರವದಿಂದ.

"ದಿನಗಟ್ಟಲೆ ಯಾಕೆ? ಒಂದು ಮಧ್ಯಾಹ್ನ ಸಾಕಾಯ್ತು."

ಹಿಂದೆ ಬರುತ್ತಿದ್ದ ಹೆಂಡತಿ ಅಕ್ಕನ ತೋಳು ಹಿಡಿದುಕೊಂಡು, ಬಿದ್ದು ಬಿದ್ದು ನಕ್ಕಳು. ಅಲೆ ನೋಡಿ ಖುಷಿಪಡುತ್ತಿದ್ದಾಳೆ ಎಂದುಕೊಂಡು ಮೇಷ್ಟ್ರು ಮುಂದೆ ನಡೆದರು.