ತಟ್ಟೆಯಲ್ಲಿ ಉಳಿದ ಸೋಡಿಯಂ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ನನ್ನ ಕೈಗಡಿಯಾರದ ಮುಳ್ಳುಗಳು ಈಗಲೂ ಕಣ್ಣಿಗೆ ಕಟ್ಟಿವೆ. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಬಿ.ಎಸ್ಸಿ. ಮುಗಿಸಿ ಸಾಸಲು ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಾಗಿ ಆರು ತಿಂಗಳಾಗಿತ್ತು.

ಏಳನೇ ತರಗತಿಗೆ ಉಪ್ಪು ಹೇಗಾಗುತ್ತದೆಂದು ತೋರಿಸುತ್ತಿದ್ದೆ. ಒಬ್ಬ ಹುಡುಗಿಯ ಕೈಗೆ ಒಂದು ಹುಣಸೆ ಬೀಜ, ಪಕ್ಕದ ಹುಡುಗನ ಕೈಗೆ ಏಳು. ಅವಳು ಸೋಡಿಯಂ, ಅವನು ಕ್ಲೋರಿನ್, ಬೀಜವೇ ಎಲೆಕ್ಟ್ರಾನ್. ಅವಳು ತನ್ನದನ್ನು ಕೊಟ್ಟುಬಿಟ್ಟರೆ ಅವನಿಗೆ ಎಂಟು ತುಂಬುತ್ತದೆ. ಇಬ್ಬರೂ ತಣ್ಣಗಾಗಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

"ಸಾ, ಇವ್ಳು ಕೊಡಾಕಿಲ್ಲ ಸಾ, ಬಲೇ ಜಿಪುಣಿ!"

"ತಗಳ್ಲಾ, ನಂಗ್ಯಾಕೆ!" ಎಂದು ಬೀಜವನ್ನು ಅವನ ತಲೆಗೇ ಎಸೆದಳು.

ಕೊಡದೆ ಉಳಿದ ಸೋಡಿಯಂ ಹೇಗಿರುತ್ತದೆಂದೂ ತೋರಿಸುವ ಹುಚ್ಚು ನನಗೆ. ಹೈಸ್ಕೂಲಿನಿಂದ ಸೀಮೆಎಣ್ಣೆ ಸೀಸೆಯಲ್ಲಿ ಕೇಳಿ ತಂದಿದ್ದ ತುಂಡನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು, ಸಾಸಿವೆಯಷ್ಟು ಕತ್ತರಿಸಿ ನೀರಿಗೆ ಹಾಕಿದೆ. ಚರ್ರೆಂದು ಓಡಾಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಗಂಟೆ ಹೊಡೆಯಿತು. ಸೀಸೆ ತೆಗೆಯಲು ಬೀರುವಿನ ಕಡೆ ತಿರುಗಿದೆ.

ಪಾಠ ಮುಗಿದೊಡನೆ ಸರದಿಯವರು ಮೇಷ್ಟ್ರ ಮೇಜಿನ ಸಾಮಾನು ತೊಳೆದಿಡಬೇಕು. ನಾನೇ ಮಾಡಿದ ನಿಯಮ. ಅಂದು ಬೀಜ ಎಸೆದ ಆ ಹುಡುಗಿಯದೇ ಸರದಿ. ಸೀಮೆಎಣ್ಣೆ ನಾರುತ್ತಿದ್ದ ತಟ್ಟೆಯನ್ನು, ಅದರಲ್ಲಿ ಉಳಿದಿದ್ದ ತುಂಡಿನ ಸಮೇತ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಸಿಡಿದ ಸದ್ದಿಗೆ ತಿರುಗಿದಾಗ ಎಡಗಣ್ಣು ಒತ್ತಿಕೊಂಡು ಕುಸಿದಿದ್ದಳು.

ಬಿಂದಿಗೆ ಎತ್ತಿದ ನನ್ನ ಕೈ ಹಾಗೇ ನಿಂತುಬಿಟ್ಟಿತು. ನೀರಿನಿಂದಲೇ ಆದದ್ದಕ್ಕೆ ಮತ್ತೆ ನೀರೇ? ಎಷ್ಟು ಹೊತ್ತು ನಿಂತಿದ್ದೆನೋ. ಇಂದಿಗೂ ಅದನ್ನೇ ಎಣಿಸುತ್ತೇನೆ. "ಉರೀತೈತೆ ಸಾ" ಎಂದಳು. ಆಗ ಸುರಿದೆ, ಬಿಂದಿಗೆ ಬರಿದಾದ ಮೇಲೂ ತರಿಸಿ ತರಿಸಿ ಸುರಿದೆ.

ದೊಡ್ಡಬಳ್ಳಾಪುರದ ಡಾಕ್ಟರು ಕಣ್ಣಿಗೆ ಕಟ್ಟು ಹಾಕಿ, "ಎಂಟು ದಿನ ಹೋಗ್ಲಿ ಮೇಷ್ಟ್ರೇ, ದೃಷ್ಟಿ ಉಳಿಯುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ" ಎಂದರು. ಆ ಎಂಟು ದಿನ ನಾನು ರೆಪ್ಪೆ ಮುಚ್ಚಿದರೆ ಸಾಕು, ತಟ್ಟೆ ನೀರಿಗಿಳಿಯುತ್ತಿತ್ತು.

ಕಟ್ಟು ಬಿಚ್ಚುವಾಗ ಬಾಗಿಲಲ್ಲೇ ನಿಂತಿದ್ದೆ. ಬಲಗಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿದರು. ಸಣ್ಣ ಅಕ್ಷರಗಳಲ್ಲಿ ತಡವರಿಸಿದಳು. ಆದರೆ ಓದಿದಳು.

ಮನೆಗೆ ಕರೆತಂದಾಗ ಅವಳ ಅಜ್ಜಿ ಹೊಸಿಲಲ್ಲೇ ನಿಲ್ಲಿಸಿ, ಕೆಟ್ಟ ಕಣ್ಣು ಬಿದ್ದದ್ದು ಕಳೆಯಲೆಂದು ಹಿಡಿ ಉಪ್ಪು ನಿವಾಳಿಸಿದರು. ಆ ಮುಷ್ಟಿ ನೀರಿನ ಚೊಂಬಿನ ಮೇಲೆ ಹೋದದ್ದೇ, "ಬೇಡಮ್ಮಾ!" ಎಂದು ಕಿರುಚಿ ಹುಡುಗಿಯನ್ನು ಹಿಂದಕ್ಕೆಳೆದೆ.

"ಏನಪ್ಪಾ ಮೇಷ್ಟ್ರೇ, ಇದು ಉಪ್ಪು ಕಣಪ್ಪಾ! ನಿಮ್ಗೂ ತೆಗೀಬೇಕಾ ದಿಷ್ಟಿ?"

ಹುಡುಗಿ ನನ್ನ ಕೈ ಬಿಡಿಸಿಕೊಂಡಳು. "ಸಿಡಿಯಾಕಿಲ್ಲ ಸಾ. ಇದು ಬೀಜ ಕೊಟ್ಬುಟ್ಟೈತಲ್ಲ."

ಉಪ್ಪು ಬಿತ್ತು. ಸದ್ದಿಲ್ಲ. ಚೊಂಬಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೊನೆಯ ಹರಳು ಕರಗುವವರೆಗೂ ನೋಡಿದೆ. ಅಂದು ರಾತ್ರಿ ಮಲಗಿದವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು.